ಅರ್ಧ ಮೀಸೆ

ಕ್ಷೌರದಂಗಡಿಯವನು ಬರುವುದು ತಡವಾದದ್ದು ಹತ್ತೇ ಹತ್ತು ನಿಮಿಷ. ಅಷ್ಟರಲ್ಲೇ ಆ ಕಾಲೇಜು ಹುಡುಗಿ ಮಲಗಿದ್ದ ಮುದುಕನ ಅರ್ಧ ಮೀಸೆ ಹಾರಿಸಿಬಿಟ್ಟಿದ್ದಳು.

ವಾಸಿಯಾಗದ ಕಾಯಿಲೆಯವರನ್ನು ಕೊನೆತನಕ ನೋಡಿಕೊಳ್ಳುವ ಆರೈಕೆ ಮನೆ ಅದು. ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಅಂಗಡಿಗೆ ಬೀಗ ಜಡಿದು ಅಲ್ಲಿಗೆ ಬಂದು ಪುಕ್ಕಟೆ ಕ್ಷೌರ ಮಾಡುತ್ತಿದ್ದ. ಕೈ ಬೆಣ್ಣೆ, ಬಾಯಿ ಮೆಣಸಿನಕಾಯಿ. ಕಿಟಕಿ ಪಕ್ಕದ ಮಂಚದ ಮುದಿ ಬಸ್ ಡ್ರೈವರ್ ಎಂದರೆ ಅವನಿಗೆ ಪ್ರಾಣ. ಕಾಯಿಲೆ ಆ ಮನುಷ್ಯನನ್ನು ಪೂರ್ತಿ ಸವೆಸಿಹಾಕಿತ್ತು, ಮೀಸೆಯೊಂದನ್ನು ಬಿಟ್ಟು. ಹಿಂದಿನ ವಾರ ಬಂದ ಹೆಂಡತಿ ಗಂಡನ ಮುಖ ನೋಡಲಾರದೆ, ಗೋಡೆ ನೋಡುತ್ತ ಕೂತು ಎದ್ದುಹೋಗಿದ್ದಳು. ಆ ಮಂಗಳವಾರ ನಾಲ್ಕಕ್ಕೆ ಮತ್ತೆ ಬರುವವಳಿದ್ದಳು. "ಮೀಸೆ ತಿದ್ದಿಕೊಡೋ ತಮ್ಮಾ, ಅದನ್ನಾದ್ರೂ ನೋಡ್ಲಿ" ಎಂದು ಡ್ರೈವರ್ ಹೇಳಿಕಳಿಸಿದ್ದ.

ಹುಡುಗಿ ಸೇವೆಗೆಂದು ಬಂದ ಗುಂಪಿನವಳು. ತಾತ ನಿದ್ದೆ ಹೋಗಿದ್ದು ಕಂಡು, ಏಳುವಷ್ಟರಲ್ಲಿ ಮುಖ ಬೆಳಗಿಸಿಬಿಡೋಣವೆಂದು ರೇಜರ್ ಹಿಡಿದಿದ್ದಳು. ಒಂದು ಮಾತೂ ಕೇಳಿರಲಿಲ್ಲ.

"ಹೆಣಕ್ಕೂ ಯಾರೂ ಹೀಗ್ ಮಾಡಲ್ಲ ಕಣೇ! ನಿನ್ ಕಣ್ಣೇನು ಹಿಮ್ಮಡೀಲಿದ್ಯಾ?" ಕ್ಷೌರದವನ ಕೂಗಿಗೆ ಆರೂ ಮಂಚದವರು ಬೆಚ್ಚಿಬಿದ್ದರು. ಹುಡುಗಿ ಅಳುತ್ತ ಓಡಿದಳು.

ಡ್ರೈವರ್ ಕನ್ನಡಿ ಇಸಿದುಕೊಂಡು ನೋಡಿದ. ಆಮೇಲೆ ಮಂಚ ಕಿರುಗುಟ್ಟುವಂತೆ ನಕ್ಕ. "ಅರ್ಧ ರಸ್ತೆ ನುಣ್ಣಗಾಗಿದೆ. ಇನ್ನರ್ಧದ ಮುಳ್ಳುಕಂಟಿ ಯಾಕೆ? ಸವರಪ್ಪಾ ಅತ್ಲಾಗೆ."

ಹಲ್ಲು ಕಡಿಯುತ್ತ ಸವರಿದ.

ನಾಲ್ಕಕ್ಕೆ ಹೆಂಡತಿ ಬಂದಳು. ಮಂಚದ ನಂಬರ್ ನೋಡಿ, ಮುಖ ನೋಡಿ, ಕಿಸಕ್ಕನೆ ನಕ್ಕಳು. "ಅಯ್ಯ, ತುಟಿ ಮೇಲೆ ಮಚ್ಚೆ! ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ, ಇದನ್ನ ಬಚ್ಚಿಟ್ಕೊಂಡಿದ್ರಾ?"

"ಇನ್ನೂ ಏನೇನಿದ್ಯೋ, ಹುಡುಕ್ಕೋ."

ಹೊರಡುವ ಗಂಟೆ ಹೊಡೆಯುವತನಕ ಅವಳು ಆ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅವಳು ಹೋದ ಮೇಲೆ ಡ್ರೈವರ್, "ಆ ಮಗೂನ ಅಳಿಸಿದೀಯ. ತಪ್ಪಾಯ್ತು ಅಂತ ಒಂದು ಮಾತು ಹೇಳು" ಎಂದ.

"ಹೇಳ್ತೀನಣ್ಣ. ಮೊದ್ಲು ಕೆಲ್ಸ ಕಲೀಲಿ."

ಮುಂದಿನ ಮಂಗಳವಾರ ಹುಡುಗಿ ಮತ್ತೆ ಬಂದಾಗಿನಿಂದ ಅವನ ಪಾಠ. "ಬ್ಲೇಡ್ ಆಮೇಲೆ, ಮೊದ್ಲು ಬಾಯಿ. ಮುಟ್ಲಾ ಅಂತ ಕೇಳು. ಏನಿರ್ಲಿ, ಏನ್ ಹೋಗ್ಲಿ ಅಂತ ಕೇಳು." ಹುಡುಗಿ ಕೇಳುವುದನ್ನು ಕಲಿತಳು. ಯಾರೊಡನೆಯೂ ತುಟಿ ಬಿಚ್ಚದಿದ್ದ ಮೂರನೇ ಮಂಚದವನು ಕಿವಿಪಕ್ಕದ ಕೂದಲಿಗಾಗಿ ಅವಳೊಡನೆ ಕಾಲು ಗಂಟೆ ವಾದ ಹೂಡಿದ. ಡ್ರೈವರಿನ ಕೊನೆಯ ಕ್ಷೌರವೂ ಅವಳದೇ.

"ಮೀಸೆ ಬಿಡ್ಲಾ ತಾತ?"

"ಬೇಡಮ್ಮಾ. ಮಚ್ಚೆ ಮುಚ್ಚಿಹೋದ್ರೆ ನಮ್ಮೋಳು ಜಗಳಕ್ಕೆ ಬರ್ತಾಳೆ."

ಡ್ರೈವರ್ ತೀರಿಹೋದ ಎರಡು ವಾರಕ್ಕೆ ಹುಡುಗಿಯ ಸೇವೆಯ ಅವಧಿಯೂ ಮುಗಿಯಿತು. "ಹೋಗ್ಬರ್ತೀನಿ ಮಾಮ" ಎಂದು ಗೇಟಿನ ಹತ್ತಿರ ನಿಂತಳು. ತಪ್ಪಾಯ್ತು ಎನ್ನಲು ಕ್ಷೌರದವನು ಬಾಯಿ ತೆರೆದ. ಹೊರಬಿದ್ದದ್ದು ಮಾತ್ರ, "ಬ್ರಶ್ ಒಣಗಿಸಿ ಇಟ್ಯೇನೇ?"

"ಇಟ್ಟೆ" ಎಂದು ನಗುತ್ತ ಬಸ್ಸು ಹತ್ತಿದಳು.

ಅಣ್ಣನಿಗೆ ಕೊಟ್ಟ ಮಾತು, ಅವಳಿಗೆ ಹೇಳಬೇಕಾದ ಮಾತು, ಎರಡೂ ಹಾಗೇ ಉಳಿದವು.