ಅಪ್ಪನ ಹೆಸರು ಯಾರಿಗೆ ಬೇಕಿತ್ತು

ತಮ್ಮನಿಗೆ ಗಂಡು ಮಗು ಹುಟ್ಟಿದ ಮೂರನೇ ದಿನವೇ ಅವನ ಹೆಂಡತಿ ನನ್ನ ಫೋನಿಗೆ ಹೆಸರುಗಳ ಪಟ್ಟಿ ಕಳಿಸಿದಳು. ಎಲ್ಲ ಎರಡೆರಡು ಅಕ್ಷರದವು. ಕೆಲವನ್ನು ಜೋರಾಗಿ ಓದಿದರೆ ಸೀನಿದಂತೆ ಕೇಳುತ್ತಿತ್ತು. ಅರ್ಥ ಕೇಳಿದೆ. "ಸೂರ್ಯನ ಮೊದಲನೇ ಕಿರಣ ಅಂತ್ರೀ ಅಕ್ಕಾರ" ಅಂದಳು. ಒಂಬತ್ತು ಹೆಸರಿಗೂ ಅದೇ ಅರ್ಥ.

ಖಾನಾಪುರದಲ್ಲಿ ನನ್ನ ಜೊತೆ ಇರುವ ಅವ್ವ ಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ನಿಮ್ಮಪ್ಪನ ಹೆಸರ ಇಡಬೇಕು" ಅಂದಳು. ಮುತ್ತಜ್ಜನಿಂದ ಅಪ್ಪನಿಗೆ ಇಳಿದು ಬಂದ ಹೆಸರು. ಐದು ಅಕ್ಷರ. ಇಲ್ಲಿ ಬರೆಯುವುದಿಲ್ಲ, ಆ ಹೆಸರಿನ ಸಜ್ಜನರೂ ನಾಲ್ಕಾರು ಮಂದಿ ಇದ್ದಾರೆ.

ಹೆಸರು ಹಳೆಯದು ಎಂಬುದು ನನ್ನ ತಕರಾರಲ್ಲ. ಅದನ್ನು ಹೊತ್ತು ತಿರುಗಿದ ಮನುಷ್ಯನೇ ತಕರಾರು. ಸಾರಿಗೆ ಉಪ್ಪು ಕಮ್ಮಿಯಾದರೆ ಅಪ್ಪನ ತಾಟು ಅಂಗಳಕ್ಕೆ ಹಾರುತ್ತಿತ್ತು. ಅವನ ದನಿಗೆ ಬಾಜು ಮನೆಯ ಮಕ್ಕಳೂ ಅಳು ನಿಲ್ಲಿಸುತ್ತಿದ್ದವು. ಅವ್ವ ಮಾತ್ರ ಹಳೆಯ ಪದ್ಧತಿಯವಳು, ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ದವಾಖಾನೆಯಲ್ಲಿ ಚೀಟಿ ಬರೆಯುವವರು ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅವನು ತೀರಿಕೊಂಡ ಮೇಲೂ ಕಚೇರಿಗಳಲ್ಲಿ ನಾನೇ ಹೇಳಬೇಕಾಯಿತು.

ಈಗ ಅವ್ವನಿಗೂ ತಮ್ಮನ ಹೆಂಡತಿಗೂ ನಾನು ಬೇಕಾದೆ. ನಮ್ಮಲ್ಲಿ ಸೋದರತ್ತಿ ಕೂಸಿನ ಕಿವಿಯಲ್ಲಿ ಹೇಳಿದ್ದೇ ಹೆಸರು. ಅದುವರೆಗೆ ಹಬ್ಬಕ್ಕೂ ಫೋನು ಮಾಡದ ತಮ್ಮನ ಹೆಂಡತಿ ದಿನಕ್ಕೆರಡು ಸಲ ನನ್ನ ಮಂಡಿನೋವು ವಿಚಾರಿಸತೊಡಗಿದಳು. ರೇಷ್ಮೆ ಸೀರೆಯ ಮಾತೂ ಬಂತು. ತಮ್ಮ ಇಬ್ಬರಿಗೂ "ಹೂಂ" ಅಂದು ಮಚ್ಛೆಯಲ್ಲಿರುವ ತನ್ನ ಕಾರ್ಖಾನೆಗೆ ಹೋಗಿ ಕೂತ.

ಹೆಸರಿಡುವ ದಿನ ಬೆಳಗಾವಿಯ ರೈಲಿನಲ್ಲಿ ಕೇಳಿಯೇಬಿಟ್ಟೆ. "ಅಂಥಾ ಮನಶ್ಯಾನ ಹೆಸರು ಆ ಕೂಸಿನ ತಲಿಗಿ ಯಾಕ ಕಟ್ಟತೀ ಅವ್ವಾ?"

ಅವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ, "ನನಗ ಬೇಕಾಗೈತಿ. ಇಷ್ಟ ವರ್ಷದಾಗ ನನಗ ಇದು ಬೇಕಂತ ಏನರ ಕೇಳೇನೇನು?" ಅಂದಳು.

ಕೇಳಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಬದುಕಿದ್ದಾಗ ಗೋಳು ಹೊಯ್ದುಕೊಂಡ ಗಂಡಂದಿರು ಗೋಡೆಯ ಫೋಟೋ ಆದ ಕೂಡಲೇ ದೇವರಾಗುವುದನ್ನು ನಮ್ಮ ಓಣಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರನ್ನು ಪೂಜಿಸುವ ಹೆಂಗಸರ ಸಾಲಿಗೆ ನಮ್ಮವ್ವನೂ ಸೇರಿದಳಲ್ಲ! ತಮ್ಮನ ಹೆಂಡತಿ ಹೇಳಿದ್ದನ್ನೇ ಇಟ್ಟುಬಿಡೋಣ ಅಂತ ಮನಸ್ಸು ಮಾಡಿದೆ.

ಟಿಳಕವಾಡಿಯ ಬೀಗರ ಮನೆಗೆ ಕಾಲಿಟ್ಟಾಗ ಎದುರಿಗೆ ಕೇಕು. ಅದರ ಮೇಲೆ ಸೂರ್ಯನ ಮೊದಲನೇ ಕಿರಣವನ್ನು ಇಂಗ್ಲಿಷಿನಲ್ಲಿ ಬರೆಸಿ ಆಗಿತ್ತು. ನನ್ನನ್ನು ಕೇಳುವ ಮೊದಲೇ! ಸೋದರತ್ತಿ ಬಂದು ಬಗ್ಗಿ ಫೋಟೋ ತೆಗೆಸಿಕೊಂಡರೆ ಸಾಕಿತ್ತು ಅವರಿಗೆ. ನಾನೂ ಅಪ್ಪನ ಮಗಳೇ, ರಕ್ತ ನೆತ್ತಿಗೇರಿತು. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ, ಹೊರಗೆ ಚಪ್ಪಲಿ ಬಿಡುತ್ತಿದ್ದವರಿಗೂ ಕೇಳುವಂತೆ, ಆ ಐದಕ್ಷರ ಹೇಳಿದೆ. ಹೆಸರು ಹೇಳಿದ ಅತ್ತಿಯ ಬೆನ್ನಿಗೆ ಹೆಂಗಸರು ತಮಾಷೆಗೆ ಗುದ್ದುವುದು ಪದ್ಧತಿ. ಅವತ್ತಿನ ಗುದ್ದುಗಳಲ್ಲಿ ತಮಾಷೆ ಇರಲಿಲ್ಲ.

ತಮ್ಮನ ಹೆಂಡತಿಯ ಮುಖ ಕೆಂಪಾಯಿತು. ಅವಳ ತಾಯಿ ಗುಗ್ಗರಿ ಹಂಚುವುದನ್ನು ಬಿಟ್ಟು ಅವ್ವನ ಹತ್ತಿರ ಬಂದರು. "ಖರೇ ಹೇಳ್ರಿ ಬೀಗತೀರ, ಇನ್ನ ಮೊಮ್ಮಗನ್ನ ಹೆಂಗ ಕರೀತೀರಿ? ನಿಮ್ಮ ಬಾಯಿಲೆ ಆ ಹೆಸರು ಬರೂದಿಲ್ಲಲ್ರಿ!" ಎಂದು ಗೆದ್ದವರಂತೆ ನಕ್ಕರು. ನನಗೂ ಅದು ಹೊಳೆದಿರಲಿಲ್ಲ. ಪಾಪ ಅನ್ನಿಸಿತು.

ಅವ್ವ ತೊಟ್ಟಿಲ ಹತ್ತಿರ ಹೋದಳು. ಗದ್ದಲಕ್ಕೆ ಬೆದರಿ ಚೀರುತ್ತಿದ್ದ ಕೂಸನ್ನು ಎತ್ತಿ ಮುಖದ ಎದುರಿಗೆ ಹಿಡಿದಳು. "ಲೇ" ಎಂದಳು. ಆಮೇಲೆ ಅಪ್ಪನ ಹೆಸರನ್ನು, ಒಂದಕ್ಷರವನ್ನೂ ನುಂಗದೆ, ಗಟ್ಟಿಯಾಗಿ ಹೇಳಿದಳು. "ಬಾಯಿ ಮುಚ್ಚು! ಎಷ್ಟ ಒದರತಿ?"

ತಮ್ಮ ನನ್ನನ್ನು ನೋಡಿದ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಕೂಸು ಆಗಲೇ ಸುಮ್ಮನಾಗಿತ್ತು, ಮತ್ತೆ ಬಯ್ಯುವ ಕಾರಣ ಇರಲಿಲ್ಲ. ಅವ್ವ ಅದೇ ಹೆಸರು ಹಿಡಿದು ಮತ್ತೊಮ್ಮೆ ಬಯ್ದಳು.