ಅಂಧೇರಿಯವರೆಗಿನ ಸೀಟು

ಮುಂಬಯಿಯಲ್ಲಿ ಕಾಂದಿವಲಿಯಿಂದ ದಾದರಿಗೆ ಹೋಗುವ ಲೋಕಲ್ ರೈಲಿನಲ್ಲಿ ನಮ್ಮ ಗುಂಪಿಗೊಂದು ಪದ್ಧತಿಯಿತ್ತು. ಕೂತವರು ಅಂಧೇರಿಯಲ್ಲಿ ಎದ್ದು, ಅಲ್ಲಿಯವರೆಗೆ ನಿಂತಿದ್ದವರಿಗೆ ಸೀಟು ಕೊಡಬೇಕು. ಇಗರ್ಜಿಯಲ್ಲಿ ಬೈಬಲ್ ಕಲಿಸುತ್ತಿದ್ದ ಧಾರವಾಡ ಕಡೆಯ ಮಾಸ್ತರು ಪ್ಲಾಟ್‌ಫಾರ್ಮ್ ಬರುವ ಮೊದಲೇ ಎದ್ದು, ಅಂಗಿ ಜಗ್ಗಿಕೊಂಡು, "ಕೂಡಪಾ, ನಿನ್ನ ಪಾಳಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಾತ್ರ ಅವರು ದಾದರಿನವರೆಗೂ ಕಣ್ಣು ಮುಚ್ಚಿ ಕೂತೇ ಇದ್ದರು. ಎದುರಿಗೆ ಕಾಲುನೋವಿನ ಶೆಟ್ಟರು ನಿಂತಿದ್ದರು. "ಮಾಸ್ಟ್ರಿಗೆ ಕನಸಲ್ಲಿ ಸ್ವರ್ಗ ಕಾಣ್ತಾ ಉಂಟು ಮಾರಾಯ್ರೆ, ಎಬ್ಬಿಸ್ಬೇಡಿ" ಎಂದು ನಕ್ಕರು.

ಇಳಿದ ಮೇಲೆ ಮಾಸ್ತರು ನನಗೊಬ್ಬನಿಗೇ ಹೇಳಿದರು: "ನಿದ್ದಿ ಹತ್ತಿರಲಿಲ್ಲೋ ತಮ್ಮಾ. ಬೈಬಲ್ಲಿನ ಅರಾಮಿಕ್ ಭಾಷಾದಾಗ ತಪ್ಪಿಗೆ 'ಶಾಲೂ' ಅಂತ ಒಂದು ಶಬ್ದ ಐತಿ. ಅದರ ಬೇರು ಏನು ಗೊತ್ತೇನು? ನಿಶ್ಚಿಂತಿಲೆ ಇರೂದು."

ಮರುದಿನದಿಂದ ಅವರು ಕೂರಲೇ ಇಲ್ಲ. ಖಾಲಿ ಸೀಟು ಕಂಡರೂ "ಕೂಡಪಾ" ಎಂದು ನಮಗೇ ತೋರಿಸುತ್ತಿದ್ದರು.

ಈಚೆಗೆ ಅರಾಮಿಕ್ ನಿಘಂಟು ತೆರೆದು ಆ ಶಬ್ದ ನೋಡಿದೆ. ಅರ್ಥ ಸರಿಯಿದೆ, ಬೇರಿನ ವಿಷಯದಲ್ಲಿ ನಿಘಂಟು 'ಇರಬಹುದು' ಎನ್ನುತ್ತದೆ. ನನ್ನ ನೆನಪಿಗೆ ಅಷ್ಟು ಆಧಾರವೂ ಇಲ್ಲ. ಆ ದಿನ ನಾನೂ ನಿಂತಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಆದರೆ ಶೆಟ್ಟರ ಮುಖ ನೆನೆದಾಗಲೆಲ್ಲ ಅದು ನನಗೆ ಕಾಣುವುದು ಕೆಳಗಿನಿಂದ, ಕೂತವನ ಕಣ್ಣಿಗೆ.