ಮಾಮಿ ಆರಿಸಿದ ಇಂಟರ್‌ನೆಟ್

ನಮ್ಮ ಮನೆಯ ಟಿವಿಯ ರಿಮೋಟು ಬಂದ ದಿನದಿಂದ ಇಂದಿನವರೆಗೆ ಪ್ಲಾಸ್ಟಿಕ್ ಚೀಲದ ಹೊರಗೆ ಇಣುಕಿದ್ದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಗೇಟೇ ತುಕ್ಕು ಹಿಡಿದು ಉದುರುವಾಗ ಈ ಬಡಪಾಯಿ ರಿಮೋಟಿನ ಗತಿಯೇನು ಎಂದು ನನ್ನ ಅತ್ತೆ, ನಮ್ಮ ಕಡೆ ಕರೆಯುವಂತೆ ಮಾಮಿ, ಅದನ್ನು ಚೀಲದೊಳಗೆ ಹಾಕಿ ಎರಡು ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ಚೀಲದ ಮೇಲಿನಿಂದಲೇ ಒತ್ತಿ ಒತ್ತಿ ಅವರು ಧಾರಾವಾಹಿಯ ಸೊಸೆಯಂದಿರನ್ನೆಲ್ಲ ಆಳುತ್ತಾರೆ. ಮನೆಯ ಸೊಸೆಯನ್ನು ಆಳಲು ಅವರಿಗೆ ರಿಮೋಟಿನ ಅಗತ್ಯ ಬಿದ್ದಿಲ್ಲ. ಹೀಗೆ ಸುಖವಾಗಿ ನಡೆಯುತ್ತಿದ್ದ ಕೂಳೂರಿನ ಈ ಸಂಸಾರಕ್ಕೆ ಇಂಟರ್‌ನೆಟ್ ಎಂಬುದು ಯಾಕೆ ಬೇಕಾಯಿತೆಂದರೆ, ಮಾಮಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು.

ಎಲುಬಿಗೂ ಇಂಟರ್‌ನೆಟ್ಟಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಮಾಮಿಯ ಮಗಳು ಇರುವುದು ಮುಂಬಯಿಯಲ್ಲಿ. ಆಕೆಯ ಮಗಳು ಶ್ರಾವ್ಯಳ ಮದುವೆ ಅಲ್ಲಿಯೇ ನಿಶ್ಚಯವಾಗಿತ್ತು. ನಮ್ಮಲ್ಲಿ ಮದುವೆಯೆಂದರೆ ಧಾರೆ. ವಧೂವರರ ಕೈಗಳನ್ನು ಜೋಡಿಸಿ, ಮೊದಲು ಮನೆಯ ಹಿರಿಯರು, ಆಮೇಲೆ ಬಂಧುಗಳು ಸಾಲಾಗಿ ಬಂದು ಗಿಂಡಿಯಿಂದ ಹಾಲು ಎರೆಯಬೇಕು. ತಾಯಿಯ ಕಡೆಯಿಂದ ಕುಲ ಹರಿದುಬರುವ ಮನೆತನದಲ್ಲಿ ಅಜ್ಜಿಯೇ ಮೂಲ. ಆ ಮೂಲವೇ ಮಂಚಕ್ಕೆ ಅಂಟಿಕೊಂಡಿತ್ತು. ಡಾಕ್ಟರು ಪ್ರಯಾಣ ಕೂಡದು ಎಂದಾಗ ಮಾಮಿ ಅಳಲಿಲ್ಲ, ಗೋಡೆಯ ಕಡೆಗೆ ತಿರುಗಿ ಮಲಗಿದರು. ಎರಡು ದಿನ ಧಾರಾವಾಹಿ ಕೂಡ ನೋಡಲಿಲ್ಲ. ಸೋದರಮಾವನಾದ ನನ್ನ ಗಂಡ ಹೋಗದೆ ನಿರ್ವಾಹವಿಲ್ಲ, ಹಾಗಾಗಿ ನಾನು ಮನೆಯಲ್ಲಿ ಉಳಿಯುವುದೆಂದಾಯಿತು. ಈಗೀಗ ಯಾರ ಮದುವೆಯಾದರೂ ಲೈವ್ ಬರುತ್ತದಲ್ಲ, ಅಮ್ಮನಿಗೆ ಟಿವಿಯಲ್ಲೇ ಧಾರೆ ತೋರಿಸು, ಒಂದು ಅಗ್ಗದ ಕನೆಕ್ಷನ್ ನೋಡು ಎಂದು ಹೇಳಿ, ಬೈಕಂಪಾಡಿಯ ಗೋದಾಮಿನಿಂದ ರಜೆ ಪಡೆದು ಅವರು ರೈಲು ಹತ್ತಿದರು. ಮೊಬೈಲ್ ಸಾಲದೇ ಎಂದೀರಿ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಮೇಲೆ ಮಾತ್ರ, ಅಲ್ಲಿಗೆ ಮಾಮಿಯ ಮಂಚವನ್ನು ಹೊರುವಂತಿರಲಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿ ಗಣಿತ ಕಲಿಸುವವಳು. ಭಿನ್ನರಾಶಿಗೆ ಹೆದರದವಳು ಈ ಕಂಪೆನಿಗಳ ಕರಪತ್ರಕ್ಕೆ ಹೆದರಿದೆ. ಒಂದರಲ್ಲಿ ಜೋಡಣೆ ಉಚಿತ, ಆದರೆ ಚಾಲನಾ ಶುಲ್ಕ ಉಂಟು. ಅಳಿಯ ಅಲ್ಲ, ಮಗಳ ಗಂಡ. ಇನ್ನೊಂದರಲ್ಲಿ ಮುನ್ನೂರು ಚಾನೆಲ್ ಪುಕ್ಕಟೆ, ಅವುಗಳಲ್ಲಿ ನಮಗೆ ಅರ್ಥವಾಗುವ ಭಾಷೆಯವು ನಾಲ್ಕು. ಮಿತಿಯೇ ಇಲ್ಲದ್ದೆಂದು ದೊಡ್ಡಕ್ಷರದಲ್ಲಿ ಸಾರಿದ ಮಾತಿನ ನೆತ್ತಿಯ ಮೇಲೊಂದು ನಕ್ಷತ್ರ, ಆ ನಕ್ಷತ್ರದ ಜಾಡು ಹಿಡಿದು ಕಾಗದದ ತಳಕ್ಕೆ ಇಳಿದರೆ ಇರುವೆಯಷ್ಟು ಅಕ್ಷರದಲ್ಲಿ ಮಿತಿಗಳ ಪಟ್ಟಿ. ಕೊನೆಗೆ ಮೂರು ಕಂಪೆನಿಯವರನ್ನು ಮನೆಗೇ ಕರೆಸಿದೆ. ಅದೇ ನಾನು ಮಾಡಿದ ತಪ್ಪು. ಯಾಕೆಂದರೆ ಸಂದರ್ಶನ ನಡೆಸಿದ್ದು ಮಂಚದ ಮೇಲಿನ ಮಾಮಿ.

ವೇಗವೆಷ್ಟು, ದರವೆಷ್ಟು, ಕೆಟ್ಟರೆ ಯಾರು ಬರುತ್ತಾರೆ ಎಂಬ ನನ್ನ ಪ್ರಶ್ನೆಗಳೆಲ್ಲ ನಾಲಿಗೆಯಲ್ಲೇ ಉಳಿದವು. ಮಾಮಿ ಕೇಳಿದ್ದು ಎರಡೇ: ಮನೆ ಎಲ್ಲಿ, ಬರಿ ಯಾವುದು. ಬರಿ ಎಂದರೆ ತಾಯಿಯಿಂದ ಬಂದ ಕುಲ. ಒಂದೇ ಬರಿಯವರು, ಹಿಂದೆಂದೂ ಮುಖ ನೋಡದಿದ್ದರೂ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಮೊದಲಿಬ್ಬರು ಈ ಪರೀಕ್ಷೆಯಲ್ಲಿ ಫೇಲಾದರು. ಕೊರಳಿಗೆ ಟೈ ಕಟ್ಟಿ ಬೆವರುತ್ತಿದ್ದ ಮೂರನೆಯವನದು ಸಾಕ್ಷಾತ್ ಮಾಮಿಯದೇ ಬರಿ. ಬಿದ್ದ ಮೇಲೆ ಮೊದಲ ಸಲ ಮಾಮಿ ನಕ್ಕರು. "ತಮ್ಮ ಅಲ್ವಾ ನೀನು! ಕೂತುಕೊ ಮಾರಾಯ, ಕಾಫಿ ಕುಡಿ" ಎಂದರು. ದರದ ಬಗ್ಗೆ ನಾನು ಬಾಯಿ ತೆರೆದಾಗ, "ತಮ್ಮನ ಹತ್ತಿರ ಎಂತ ಚೌಕಾಸಿ?" ಎಂದು ಗದರಿದರು. ಆ ನಗುವಿನ ಮುಂದೆ ನನ್ನ ಗಣಿತ ಸೋತಿತು, ಸಹಿ ಹಾಕಿದೆ.

ಇನ್ನುಳಿದದ್ದು ಹಳೆಯ ಕೇಬಲ್ಲನ್ನು ಬಿಡಿಸುವ ಕೆಲಸ. ಕೇಬಲ್ಲಿನ ವಿಟ್ಠಲಣ್ಣ ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಬರುವವರು; ಸಿಡಿಲು ಬಡಿದ ಮರುದಿನ ಕರೆಯದೆಯೇ ಬಂದು ಕಂಬ ಹತ್ತುವವರು. ಅವರೂ ಇತ್ತೀಚೆಗೆ ಇಂಟರ್‌ನೆಟ್ ಕೊಡುತ್ತಿದ್ದರು, ದರ ಚೂರು ಹೆಚ್ಚು. ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು ಎಂದು ನೇರವಾಗಿ ಹೇಳಿದ್ದರೆ ಅವರು ತಲೆಯಾಡಿಸಿ ಹೋಗುತ್ತಿದ್ದರು. ಆದರೆ ಅವರು ಬಂದದ್ದು ಮಾಮಿಗೆಂದು ನಾಲ್ಕು ಎಳನೀರು ಹಿಡಿದುಕೊಂಡು. ನಮ್ಮೂರಿನಲ್ಲಿ ಜಗಳವಾಡಲು ಬೇಕಾದ ಧೈರ್ಯ ಎಲ್ಲರಿಗೂ ಇದೆ, ಬೇಡ ಎನ್ನಲು ಬೇಕಾದ ಧೈರ್ಯ ಮಾತ್ರ ಯಾರಿಗೂ ಇಲ್ಲ. ಇದಕ್ಕೆ ದಾಕ್ಷಿಣ್ಯವೆಂದು ಒಳ್ಳೆಯ ಹೆಸರಿಟ್ಟುಕೊಂಡು ನಾವು ಸುಳ್ಳು ಹೇಳುತ್ತೇವೆ. "ಮಾಮಿಗೆ ಕಣ್ಣು ಸರಿ ಕಾಣುವುದಿಲ್ಲ ವಿಟ್ಠಲಣ್ಣ, ಟಿವಿ ನೋಡುವುದನ್ನೇ ಬಿಟ್ಟಿದ್ದೇವೆ" ಎಂದೆ. ಅವರು ಬಹಳ ನೊಂದುಕೊಂಡು, ಕೇಬಲ್ಲನ್ನು ಬಳೆಯಂತೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದರು. ನನಗೆ ನಾಚಿಕೆಯಾಯಿತು. ನಾಚಿಕೆಯಲ್ಲೇ ಎಳನೀರನ್ನೂ ಕುಡಿದೆವು.

ತಮ್ಮನ ಇಂಟರ್‌ನೆಟ್ ಒಂಬತ್ತು ದಿನ ಚೆನ್ನಾಗಿ ನಡೆಯಿತು. ಹತ್ತನೆಯ ದಿನ ಮದುವೆ. ಮಾಮಿ ಬೆಳಿಗ್ಗೆಯೇ ಮೈ ಒರೆಸಿಸಿಕೊಂಡು, ರೇಷ್ಮೆ ಸೀರೆಯನ್ನು ಸೊಂಟದ ಪಟ್ಟಿಯ ಮೇಲೆಯೇ ಸುತ್ತಿಸಿಕೊಂಡು, ತಲೆಗೆ ಮಲ್ಲಿಗೆ ಮುಡಿದು, ದಿಂಬಿಗೆ ಒರಗಿ ಕುಳಿತರು. ಮುಹೂರ್ತ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ. ಹತ್ತು ಗಂಟೆಗೆ ಇಂಟರ್‌ನೆಟ್ಟಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿತು. ಬಾವಿಕಟ್ಟೆಗೆ ಓಡಿ ಕಂಪೆನಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು, ಒಂದು ಒತ್ತಿ ಎಂದರು, ಎರಡು ಒತ್ತಿ ಎಂದರು, ನಲವತ್ತೆಂಟು ಗಂಟೆಯೊಳಗೆ ಸರಿಯಾದೀತು ಎಂದರು. ತಮ್ಮನಿಗೇ ಫೋನ್ ಮಾಡಿದೆ. ಆತ ಕೆಲಸ ಬಿಟ್ಟು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ; ಅಕ್ಕನ ಆರೋಗ್ಯ ವಿಚಾರಿಸಿ, ಯಂತ್ರ ಬೇಕಾ ಎಂದೂ ಕೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಿಟಕಿಯಿಂದ ನೋಡಿದರೆ ಮಾಮಿ ಕಪ್ಪು ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದರು. ಮಾನವನ್ನು ಬಾವಿಕಟ್ಟೆಯ ಮೇಲಿಟ್ಟು ವಿಟ್ಠಲಣ್ಣನ ನಂಬರ್ ಒತ್ತಿದೆ.

ಅವರು ಪಣಂಬೂರಿನಲ್ಲಿ ಯಾವುದೋ ಕಂಬದ ಮೇಲಿದ್ದರು. ನಾನು ನನ್ನ ಸುಳ್ಳನ್ನೂ ಸೇರಿಸಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. "ಬೈಯುವುದಾದರೆ ಮತ್ತೆ ಬೈತೇನೆ ಅಕ್ಕ. ಈಗ ಇಳೀತೇನೆ, ಫೋನ್ ಇಡಿ" ಎಂದರು.

ಸ್ಕೂಟರಿನಲ್ಲಿ ಬರಬೇಕಾದರೆ ಹೆದ್ದಾರಿಯಲ್ಲಿ ಲಾರಿಗಳ ಸಾಲು. ಅವರು ಬಂದು, ಗೇಟಿನ ಕಂಬ ಹತ್ತಿ, ವಯರನ್ನು ಮಾವಿನ ಕೊಂಬೆಯ ಮೇಲಿಂದ ಎಳೆದು, ತಮ್ಮದೇ ಪೆಟ್ಟಿಗೆ ಕೂರಿಸುವಷ್ಟರಲ್ಲಿ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಅಷ್ಟರಲ್ಲಿ ಬಾವಿಕಟ್ಟೆಯಲ್ಲಿ ಗಂಡನ ಫೋನ್ ಬಂದಿತ್ತು: ಧಾರೆ ಚೆನ್ನಾಗಿ ಆಯಿತು, ಅಮ್ಮ ನೋಡಿದರಾ? ನಾನು ಏನೋ ಗೊಣಗಿ ಇಟ್ಟುಬಿಟ್ಟೆ. ಒಳಗೆ ಬಂದು ವಿಟ್ಠಲಣ್ಣನ ಕಿವಿಯಲ್ಲಿ ಆಗಿಹೋಯಿತಂತೆ ಎಂದೆ. ಅವರು ಸದ್ದಿಲ್ಲದೆ ಲೈವನ್ನು ಹಿಂದಕ್ಕೆ ಎಳೆದು, ಶ್ರಾವ್ಯ ಮಂಟಪಕ್ಕೆ ಬರುವ ಜಾಗದಲ್ಲಿ ನಿಲ್ಲಿಸಿದರು. ಮಾಮಿ ಪರದೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು. ಅವರ ಕಣ್ಣಿಗೆ ಏನೂ ಆಗಿಲ್ಲವಲ್ಲ, ಎಲ್ಲವೂ ತಿಳಿಯಿತು.

"ಮುಂಬಯಿಯ ಮುಹೂರ್ತ ಮುಂಬಯಿಗೆ," ಎಂದರು. "ಇಲ್ಲಿ ನಾನು ಎರೆದಾಗ ಮುಹೂರ್ತ. ಗಿಂಡಿ ತಾ."

ತಂದೆ. ಹಾಲು ತುಂಬಿಸಿ, ಮಡಿಲ ಮೇಲೆ ಹರಿವಾಣ ಇಟ್ಟುಕೊಟ್ಟೆ. ವಿಟ್ಠಲಣ್ಣ ಲೈವ್ ಓಡಲು ಬಿಟ್ಟರು, ಪರದೆಯಲ್ಲಿ ವಧೂವರರ ಕೈಗಳು ಕೂಡಿದವು, ವಾದ್ಯ ಗಟ್ಟಿಯಾಯಿತು. ಮಾಮಿ ಎರೆದರು. ಗಿಂಡಿ ಅಲುಗಲಿಲ್ಲ, ಗಲ್ಲ ಮಾತ್ರ ಅಲುಗುತ್ತಿತ್ತು. ಆಮೇಲೆ ತಲೆಯೆತ್ತಿ, "ವಿಟ್ಠಲ, ನೀನೂ ಬಾ" ಎಂದರು.

"ಅಯ್ಯೊ, ನಾನು ಎಂತ ಅಮ್ಮ, ನಾನು ಹೊರಗಿನವ."

"ಒಳಗಿನವ ಯಂತ್ರ ಮಾರ್ಲಿಕ್ಕೆ ಹೋಗಿದ್ದಾನೆ. ಕೈ ತೊಳೆದುಕೊಂಡು ಬಾ."

ಮನುಷ್ಯ ನಿಜವಾಗಿಯೂ ಕೈ ತೊಳೆದು, ಸೊಂಟದ ಇಕ್ಕಳವನ್ನು ಬಿಚ್ಚಿಟ್ಟು, ಚಪ್ಪಲಿ ಬಿಟ್ಟ ಕಾಲುಗಳನ್ನು ಜೋಡಿಸಿ ನಿಂತು, ಗಿಂಡಿಯನ್ನು ಎರಡೂ ಕೈಗಳಲ್ಲಿ ಹಿಡಿದು ಎರೆದರು. ಅಗ್ಗದ ಬೆನ್ನು ಹತ್ತಿದ ನನ್ನನ್ನು ಯಾರೂ ಕರೆಯಲಾರರು ಎಂದುಕೊಂಡು ಬಾಗಿಲ ಹತ್ತಿರವೇ ನಿಂತಿದ್ದೆ. ಮಾಮಿ ಅವರ ಕೈಯಿಂದ ಗಿಂಡಿಯನ್ನು ತೆಗೆದುಕೊಂಡು ನನ್ನ ಕಡೆಗೆ ಚಾಚಿದರು. ನಾನು ಅಳುತ್ತಲೇ ಮಂಚದ ಬಳಿ ಬರುವಾಗ ವಿಟ್ಠಲಣ್ಣನ ಇಂಟರ್‌ನೆಟ್ಟೂ ಒಮ್ಮೆ ಬಿಕ್ಕಿ ನಿಂತಿತು. ಪರದೆಯ ನಡುವೆ ಚಕ್ರವೊಂದು ತಿರುಗತೊಡಗಿತು, ಅವರು ಗಾಬರಿಯಿಂದ ಪೆಟ್ಟಿಗೆಯತ್ತ ಹೊರಟರು. ಮಾಮಿ ಕೈಯೆತ್ತಿ ತಡೆದರು. ಜೋಡಿಸಿದ ಆ ಎರಡು ಕೈಗಳು ನಾನು ಎರೆದು ಮುಗಿಸುವವರೆಗೂ ಅಲುಗದೆ ಕಾದವು.